ಮೂಳೆ ಹಿಡಿಯುವವರೆಗೆ

ಕನ್ನಡ ಮಾಷ್ಟ್ರಿಗೆ ಎದುರು ಹಲ್ಲು ಬರೀ ಚಂದಕ್ಕಲ್ಲ. ತ, ಥ, ದ, ಧ, ನ - ಇವಕ್ಕೆ ದಂತ್ಯಗಳೆಂದೇ ಹೆಸರು. ಕಾಸರಗೋಡಿನ ನಮ್ಮ ಮಕ್ಕಳಲ್ಲಿ ಕೆಲವರ ಮನೆಮಾತು ತುಳು, ಕೆಲವರದು ಮಲಯಾಳ, ಕೊಂಕಣಿ. ಅವರು ಕನ್ನಡ ಕೇಳುವುದು ಹೆಚ್ಚಾಗಿ ತರಗತಿಯಲ್ಲೇ. ಮಳೆಗಾಲದಲ್ಲಿ ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ನನ್ನ ಮೇಲಿನ ಎದುರು ಹಲ್ಲೊಂದು ಬೇರಿನಲ್ಲೇ ತುಂಡಾದಾಗ, ನೋವಿಗಿಂತ ಜಾಸ್ತಿ ಕಾಡಿದ್ದು ‘ಸರಸ್ವತಿ’ ಅನ್ನುವಾಗ ಸಂದಿಯಿಂದ ನುಗ್ಗುವ ಗಾಳಿ!

ದಂತವೈದ್ಯರು ಇಂಪ್ಲಾಂಟ್ ಹಾಕೋಣ ಎಂದರು. ಟೈಟಾನಿಯಂ ತಿರುಪನ್ನು ದವಡೆಯ ಮೂಳೆಯೊಳಗೆ ಕೂರಿಸಿ, ಮೂಳೆ ಅದನ್ನು ಹಿಡಿದ ಮೇಲೆ ಹಲ್ಲು ಜೋಡಿಸುವುದು. ನಾಲ್ಕು ತಿಂಗಳು ಕಾಯಬೇಕು, ಅಲ್ಲಿಯವರೆಗೆ ತೆಗೆದು ಹಾಕುವ ಹಲ್ಲು. ಅದೂ ತಿರುಪಿನ ಮೇಲೆ ಭಾರ ಬೀಳದಂತೆ.

ಅಷ್ಟು ದಿನ ಯಾಕೆ? ಆಗಷ್ಟೇ ನೆಟ್ಟ ಗೂಟಕ್ಕೆ ದನ ಕಟ್ಟಿದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. ತಿರುಪು ಗುಣವಾಗುವ ಕಾಲದಲ್ಲಿ ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಅಲುಗುತ್ತಿದ್ದರೆ ಸುತ್ತಲೂ ಮೂಳೆಯ ಬದಲು ಮೆತ್ತನೆಯ ನಾರು ಬೆಳೆಯಬಹುದು. ಆಮೇಲೆ ಅದು ನಿಲ್ಲುವುದಿಲ್ಲ.

ಮೂಳೆ ಹೀಗೆ ಟೈಟಾನಿಯಂ ಹಿಡಿಯುತ್ತದೆಂದು ಕಂಡುಕೊಂಡವರು ಸ್ವೀಡನ್ನಿನ ಬ್ರೋನೆಮಾರ್ಕ್. 1950ರ ದಶಕದಲ್ಲಿ ಮೊಲದ ಮೂಳೆಯೊಳಗಿನ ರಕ್ತಸಂಚಾರ ನೋಡಲು ಇಟ್ಟಿದ್ದ ಟೈಟಾನಿಯಂ ಉಪಕರಣವನ್ನು ತೆಗೆಯಹೋದರೆ ಅದು ಬಿಟ್ಟು ಬರಲೇ ಇಲ್ಲ! 1965ರಲ್ಲಿ ಅವರು ಮನುಷ್ಯನ ದವಡೆಗೆ ಅದನ್ನೇ ಬಳಸಿದರು.

ಆದರೆ ಇದು ನಿಜವಾದ ಹಲ್ಲಿಗೆ ಸಮವಲ್ಲ. ನಮ್ಮ ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪೊರೆ ಇದೆ. ಜಗಿಯುವ ಬಲವನ್ನು ಅದು ಮೆತ್ತೆಯಂತೆ ತಾಳಿಕೊಳ್ಳುತ್ತದೆ. ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕರೂ ಕೂಡಲೇ ತಿಳಿಸುತ್ತದೆ. ತಿರುಪಿಗೆ ಈ ಪೊರೆ ಇಲ್ಲ. ಹೊರಪದರದ ಗಟ್ಟಿ ಮೂಳೆಗಿಂತಲೂ ಟೈಟಾನಿಯಂ ಐದಾರು ಪಟ್ಟು ಬಿಗಿ. ಹಾಗಾಗಿ ಒತ್ತಡ ಹೆಚ್ಚಾಗಿ ಬೀಳುವುದು ಒಸಡಿನ ಪಕ್ಕದ ಮೂಳೆಯ ಅಂಚಿನ ಮೇಲೆ. ಎದುರು ಹಲ್ಲಿಗೆ ಬಲ ಓರೆಯಾಗಿ ಬರುವುದರಿಂದ ಗೂಟ ಬಗ್ಗಿಸಿದ ಹಾಗೆ. ಕಬ್ಬು ಸಿಗಿಯುವ ಆಸೆ ಇನ್ನು ಬಿಡಬೇಕು.

ಎಂಟನೆಯ ತರಗತಿಯ ಹುಡುಗನೊಬ್ಬ ಕೇಳಿದ, “ಸರ್, ಆಟದಲ್ಲಿ ನನ್ನ ಹಲ್ಲು ಹೋದರೆ ನನಗೂ ಇದನ್ನೇ ಹಾಕಬಹುದಲ್ಲ?” ಇಲ್ಲ ಮಗಾ. ದವಡೆ ಬೆಳೆಯುವಾಗ ನಿಜವಾದ ಹಲ್ಲು ಅದರ ಜತೆ ಸರಿಯುತ್ತದೆ. ಮೂಳೆ ಹಿಡಿದ ತಿರುಪು ಇದ್ದಲ್ಲೇ ಉಳಿದು, ಹಲ್ಲು ಗಿಡ್ಡವಾಗಿ ಕಾಣುತ್ತದೆ. ಅದಕ್ಕೇ ಬೆಳವಣಿಗೆ ಮುಗಿಯುವವರೆಗೆ ಸಾಮಾನ್ಯವಾಗಿ ಹಾಕುವುದಿಲ್ಲ. ಅಂದರೆ ಅವನು ಕಾಯಬೇಕಾದದ್ದು ತಿಂಗಳುಗಟ್ಟಲೆ ಅಲ್ಲ, ವರ್ಷಗಟ್ಟಲೆ.

ಆದ್ದರಿಂದ ಶಿಕ್ಷಕ ಮಿತ್ರರೇ, ಹೆತ್ತವರೇ, ಆಟದಂಗಳದಲ್ಲಿ ಮಗುವಿನ ಶಾಶ್ವತ ಹಲ್ಲು ಬುಡಸಮೇತ ಕಳಚಿ ಬಿದ್ದರೆ ಎಸೆಯಬೇಡಿ, ಉಜ್ಜಿ ತೊಳೆಯಲೂಬೇಡಿ. ಬೇರನ್ನು ಮುಟ್ಟದೆ, ಮೇಲ್ಭಾಗ ಹಿಡಿದೆತ್ತಿ. ಕೂಡಲೇ ಅದೇ ಗುಳಿಯಲ್ಲಿ ಕೂರಿಸಲಾಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿ, ಆದಷ್ಟು ಬೇಗ ದಂತವೈದ್ಯರಲ್ಲಿಗೆ ಓಡಿ. ಬೇರಿಗೆ ಅಂಟಿದ ಆ ಪೊರೆಯ ಜೀವಕೋಶಗಳು ಒಣಗಿದರೆ ಬಹಳ ಹೊತ್ತು ಬದುಕುವುದಿಲ್ಲ. ನಮ್ಮ ಶಾಲೆಯ ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಮುಚ್ಚಳದ ಒಳಗೆ ಇಷ್ಟನ್ನು ಬರೆದು ಅಂಟಿಸಿದ್ದೇನೆ. ಹಾಲು ಹೇಗೂ ಅಡುಗೆಯವರ ಹತ್ತಿರ ಇರುತ್ತದೆ.