ಬನಶಂಕರಿಯಲ್ಲಿ ಕೊಂಡ ಬಾಗಿಲು

ಎಂಬತ್ತರ ದಶಕದ ಆರಂಭದಲ್ಲಿ ಧಾರವಾಡದ ಹಾಸ್ಟೆಲೊಂದರ ಒಂದೇ ಕೋಣೆಯಲ್ಲಿ ನಾವು ನಾಲ್ವರಿದ್ದೆವು. ಹೆಸರು ಹಿಡಿದು ಕರೆಯುವುದಕ್ಕಿಂತ ಊರು ಹಿಡಿದು ಕರೆಯುವುದೇ ಅಲ್ಲಿ ರೂಢಿ. ಒಬ್ಬ ಗದಗಿನವ, ಒಬ್ಬ ಹಡಗಲಿಯವ, ಒಬ್ಬ ಕುಂದಾಪುರದವ, ನಾನು ತುಮಕೂರಿನವ. ಓದಿನಲ್ಲಿ ನಾಲ್ವರದೂ ನಾಲ್ಕು ದಾರಿ, ಜಾತ್ರೆಯ ವಿಷಯದಲ್ಲಿ ಮಾತ್ರ ಒಂದೇ ಮಾತು. ಯಾವ ಹುಣ್ಣಿಮೆಗೆ ಎಲ್ಲಿ ತೇರು ಎಂಬುದು ಪರೀಕ್ಷೆಯ ವೇಳಾಪಟ್ಟಿಗಿಂತ ನಮಗೆ ಚೆನ್ನಾಗಿ ಬಾಯಿಪಾಠವಾಗಿತ್ತು.

ನಮ್ಮಲ್ಲೊಂದು ಒಪ್ಪಂದವಿತ್ತು. ಯಾರ ಸೀಮೆಯ ಜಾತ್ರೆಯೋ ಅವನೇ ಯಜಮಾನ. ಊಟ, ವಸತಿ, ಯಾವ ಅಂಗಡಿಯಲ್ಲಿ ಏನು ತಿನ್ನಬೇಕು, ಎಲ್ಲ ಅವನ ಜವಾಬ್ದಾರಿ. ವಸತಿ ಎಂದರೆ ಯಾರದೋ ಚಕ್ಕಡಿಯ ಕೆಳಗೆ ಹಾಸಿದ ಹುಲ್ಲು, ಇಲ್ಲವೇ ಗುಡಿಯ ಪೌಳಿ. ಹೊದಿಕೆಗೆ ಹಡಗಲಿಯವನ ಕಂಬಳಿ ಇತ್ತು. ಅದರಲ್ಲಿ ಇಬ್ಬರಿಗೆ ಜಾಗ, ಉಳಿದಿಬ್ಬರು ಜಾತ್ರೆ ತಿರುಗಬೇಕು.

ನನ್ನ ಸರದಿಗೆ ಸಿದ್ಧಗಂಗೆ ಬಂತು. ಶಿವರಾತ್ರಿಯ ದಿನಗಳಲ್ಲಿ ಅಲ್ಲಿ ನೆರೆಯುವ ದನಗಳ ಜಾತ್ರೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ಕುಂದಾಪುರದವ ಬಾಯಿ ಬಿಟ್ಟುಕೊಂಡು ನೋಡಿದ. ಸುತ್ತ ಅಷ್ಟು ಜನ ನಿಂತಿದ್ದರೂ ಬೆಲೆ ಎಷ್ಟೆಂದು ಗೊತ್ತಿರುವುದು ಇಬ್ಬರಿಗೆ ಮಾತ್ರ. ಹಳ್ಳಿಕಾರ್ ಜೋಡಿಯೊಂದರ ಹಲ್ಲು ನೋಡಿ ವಯಸ್ಸು ಹೇಳುವುದನ್ನು ಅವನಿಗೆ ಕಲಿಸಲು ಹೋದ ಮುದುಕರೊಬ್ಬರು ಕೊನೆಗೆ, "ನೀವು ಮೀನು ತಿನ್ನೋ ಸೀಮೆಯೋರು, ಬಿಡಿ ಸ್ವಾಮಿ" ಎಂದು ಕೈಬಿಟ್ಟರು.

ಹಡಗಲಿಯವನ ಸರದಿ ಮೈಲಾರದ್ದು. ತುಂಗಭದ್ರೆಯ ದಂಡೆಯ ಆ ಊರು ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಭರತ ಹುಣ್ಣಿಮೆಯ ಬೆನ್ನಿಗೆ ಅಲ್ಲಿ ಕಾರ್ಣಿಕ. ಕರಿಕಂಬಳಿ ಹೊದ್ದ ಗೊರವರು, ಡಮರುಗದ ಸದ್ದು, ಕಣ್ಣು ಹಾಯುವವರೆಗೂ ಬಂಡಿಗಳು, "ಏಳುಕೋಟಿ ಏಳುಕೋಟಿ" ಎಂಬ ಕೂಗು. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಎರಡಾಳೆತ್ತರ ಮೀರಿದ ಬಿಲ್ಲನ್ನೇರಿ "ಸದ್ದಲೇ" ಎಂದಾಗ ಅಷ್ಟು ಜನವೂ ತೆಪ್ಪಗಾಗುತ್ತದೆ. ಕೂಸುಗಳ ಅಳು ಬಿಟ್ಟರೆ ಬೇರೆ ದನಿಯಿಲ್ಲ. ಒಂದೇ ಒಂದು ಸಾಲಿನ ನುಡಿ. ಮರುಕ್ಷಣ ಆತ ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ.

ನಿಜವಾದ ಸ್ವಾರಸ್ಯ ಆಮೇಲಿನದು. ಆ ಒಂದು ಸಾಲಿಗೆ ಬಂಡಿಗೊಂದು ಅರ್ಥ. ಹಡಗಲಿಯವನ ಮಾವ, "ಮೆಣಸಿನಕಾಯಿಗೆ ರೇಟ್ ಬರ್ತೈತಿ, ಬರಕೋರಿ" ಎಂದರು. ಪಕ್ಕದ ಬಂಡಿಯವರು ಸರಕಾರ ಬೀಳುತ್ತದೆ ಎಂದರು. ಮೂರನೆಯವರಿಗೆ ಅದರಲ್ಲಿ ಕೇಳಿಸಿದ್ದು ಒಳ್ಳೆಯ ಮಳೆ. ಮಾವ ಆ ವರ್ಷ ಏನು ಬಿತ್ತಬೇಕೆಂದು ತೀರ್ಮಾನಿಸಲು ಬಂದಿದ್ದರು, ತೀರ್ಮಾನಿಸಿಕೊಂಡೇ ಎದ್ದರು. ನಾವು ಸುಮ್ಮನೆ ನೋಡಲು ಬಂದವರು. ಆ ವ್ಯತ್ಯಾಸ ಅಂದು ನಮ್ಮ ತಲೆಗೆ ಹತ್ತಲಿಲ್ಲ.

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಕರಾವಳಿಯವನಿಗೆ ಸಮೀಪ ಎಂಬ ಕಾರಣಕ್ಕೆ ಅಲ್ಲಿ ಕುಂದಾಪುರದವನೇ ಯಜಮಾನನಾದ. ದೇವಿಯ ಮದುವೆ, ಮರುದಿನ ರಥದಲ್ಲಿ ಬಿಡಕಿಬೈಲಿನ ಗದ್ದುಗೆಗೆ ಸವಾರಿ, ಅಲ್ಲಿಂದಾಚೆಗೆ ಊರಿಗೆ ಊರೇ ಜಾತ್ರೆಪೇಟೆ. ಅಡಿಕೆ ಮಾರಿದ ದುಡ್ಡು ಬಳೆಯಂಗಡಿಯಲ್ಲಿ ಕರಗುವುದನ್ನು ನೋಡುತ್ತ, ಮರಣಬಾವಿಯ ಹಲಗೆಯ ಮೇಲೆ ಮೋಟರ್‌ಸೈಕಲ್ ಸುತ್ತುವುದನ್ನು ನೋಡುತ್ತ ಸಂಜೆ ಕಳೆದೆವು. ರಾತ್ರಿ ಯಕ್ಷಗಾನ. ಬಡಗಿಗೂ ತೆಂಕಿಗೂ ಇರುವ ಅಂತರ, ಭಾಗವತರ ಜಾಗಟೆ, ಕೇದಗೆ ಮುಂದಲೆ ಎಂದು ಅವನು ಚೌಕಿಯ ಬಾಗಿಲಲ್ಲೇ ಗಂಟೆಗಟ್ಟಲೆ ಪಾಠ ಹೇಳಿದ. ಎರಡನೆಯ ಪ್ರಸಂಗ ಏರುವ ಹೊತ್ತಿಗೆ ಪಾಠ ಹೇಳಿದವನೇ ಗೊರಕೆ ಹೊಡೆಯುತ್ತಿದ್ದ. ಜನ್ಮದಲ್ಲಿ ಆಟ ನೋಡದ ಗದಗಿನವ ಬೆಳಗಿನ ಮಂಗಳದವರೆಗೂ ಕಣ್ಣು ಮಿಟುಕಿಸದೆ ಕೂತಿದ್ದ. ಆಮೇಲೆ ಯಾವ ಜಗಳದಲ್ಲೂ ಇದೇ ಅವನ ಕೊನೆಯ ಅಸ್ತ್ರವಾಯಿತು: "ನೀ ಮಲಗಿದ್ದಿ ತಮ್ಮಾ, ನಾ ನೋಡೇನಿ."

ಅವನ ಸರದಿಯೇ ಬನಶಂಕರಿ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಗದಗಿನಲ್ಲಿ ಅವರು ಮನೆ ಕಟ್ಟಿಸುತ್ತಿದ್ದರು. ಅವನ ಅಪ್ಪ ಒಂದಿಷ್ಟು ದುಡ್ಡನ್ನೂ, ಗಂಟು ಹಾಕಿದ ಒಂದು ದಾರವನ್ನೂ ಮಗನ ಕೈಗಿಟ್ಟು, ತಲೆಬಾಗಿಲ ಚೌಕಟ್ಟನ್ನು ಬನಶಂಕರಿ ಜಾತ್ರೆಯಿಂದಲೇ ತರಬೇಕೆಂದು ಹೇಳಿದ್ದರು. ದಾರದ ತುದಿಯಿಂದ ಮೊದಲ ಗಂಟಿನವರೆಗೆ ಅಗಲ, ಎರಡನೆಯ ಗಂಟಿನವರೆಗೆ ಎತ್ತರ. ದಾರ ಕಳೆದರೆ ಮನೆಗೆ ಬರಬೇಡ ಎಂದೂ ಹೇಳಿದ್ದರಂತೆ. ಅವನು ಅದನ್ನು ಜನಿವಾರಕ್ಕಿಂತ ಭದ್ರವಾಗಿ ಕೊರಳಿಗೆ ಕಟ್ಟಿಕೊಂಡಿದ್ದ.

ಗದಗಿನಿಂದ ಬಾದಾಮಿಗೆ ಆಗ ಮೀಟರ್‌ಗೇಜ್ ಗಾಡಿ. ಕಿಟಕಿ ತೆಗೆದರೆ ಕಲ್ಲಿದ್ದಲ ಕಿಡಿ, ಮುಚ್ಚಿದರೆ ಒಳಗಿನವರ ಬೀಡಿ ಹೊಗೆ. ಸ್ಟೇಷನ್ನಿನಿಂದ ಊರು ಐದು ಕಿಲೋಮೀಟರು, ನಸುಕಿನ ಚಳಿಯಲ್ಲಿ ಟಾಂಗಾ ಹಿಡಿದು ಊರು ಸೇರಿದೆವು. ಬಿಸಿಲೇರುವ ಮುಂಚೆ ಮೇಣಬಸದಿಗಳನ್ನು ಹತ್ತಿದೆವು. ಮೂರನೆಯ ಗವಿಯಲ್ಲಿ ಮಂಗಳೇಶನ ಶಾಸನವಿದೆ, ಕ್ರಿ.ಶ. 578ರದು. ಹಾವಿನ ಸುರುಳಿಯ ಮೇಲೆ ಕೂತ ವಿಷ್ಣುವನ್ನೂ, ಆಳೆತ್ತರ ಮೀರಿದ ನರಸಿಂಹನನ್ನೂ ನಾವು ನೋಡುತ್ತಿದ್ದರೆ ಗದಗಿನವ ಗರ್ಭಗುಡಿಯ ಬಾಗಿಲವಾಡವನ್ನು ತನ್ನ ದಾರದಿಂದ ಅಳೆಯುತ್ತಿದ್ದ. ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸದ್ದು ಎದುರಿನ ಬಂಡೆಗೆ ಬಡಿದು ಮರಳುತ್ತಿತ್ತು. ಕಪ್ಪೆ ಅರಭಟ್ಟನ ಶಾಸನವಿರುವ ಬಂಡೆಯ ಮುಂದೆ ನಿಂತಾಗ ಮಾತ್ರ ನಾಲ್ವರೂ ಸುಮ್ಮನಾದೆವು. ತ್ರಿಪದಿ ಎಂದು ಪಠ್ಯದಲ್ಲಿ ಓದಿದ್ದು ಇಲ್ಲಿ ಬಿಸಿಲಿಗೂ ಮಳೆಗೂ ಮೈಯೊಡ್ಡಿಕೊಂಡು ಕಲ್ಲಿನ ಮೇಲಿತ್ತು.

ಬಾದಾಮಿಯಿಂದ ಬನಶಂಕರಿಗೆ ಮತ್ತೆ ಐದು ಕಿಲೋಮೀಟರು. ದಾರಿಯುದ್ದಕ್ಕೂ ಚಕ್ಕಡಿ, ಎತ್ತಿನ ಕೊರಳಗಂಟೆ, ಧೂಳು. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಅಲ್ಲಿ ತೇರು; ಜಾತ್ರೆ ಮಾತ್ರ ಆಮೇಲೂ ವಾರಗಟ್ಟಲೆ ನಡೆಯುತ್ತದೆ. ತೇರಿನ ಹಿಂದಿನ ದಿನ ಪಲ್ಯೇದ ಹಬ್ಬ. ಬರಗಾಲದಲ್ಲಿ ಜನರಿಗೆ ಸೊಪ್ಪು ತರಕಾರಿ ಕೊಟ್ಟು ಕಾಪಾಡಿದ ಶಾಕಾಂಬರಿ ಅವಳು, ಆದ್ದರಿಂದ 108 ಬಗೆಯ ಪಲ್ಯದ ನೈವೇದ್ಯ. ಗುಡಿಯೆದುರಿನ ಹರಿದ್ರಾತೀರ್ಥದಲ್ಲಿ ಬಾಳೆದಿಂಡಿನ ತೆಪ್ಪ ಕಟ್ಟಿ, ಹರಕೆಯ ಕೂಸನ್ನು ಅದರಲ್ಲಿ ಮಲಗಿಸಿ ತೇಲಿಸುತ್ತಿದ್ದರು. ತೆಪ್ಪದೊಳಗಿನ ಕೂಸು ನಿದ್ದೆ ಹೋಗಿತ್ತು, ದಂಡೆಯ ಮೇಲೆ ಸೋದರಮಾವ ಬೆವರುತ್ತಿದ್ದ.

ಊಟಕ್ಕೆ ಹೋಟೆಲು ಹುಡುಕುವ ಪ್ರಮೇಯವೇ ಇರಲಿಲ್ಲ. ಬುಟ್ಟಿ ಹೊತ್ತ ಹೆಂಗಸರು ತಾವೇ ಬಂದು ಎದುರಿಗೆ ಕೂರುತ್ತಿದ್ದರು. "ಬರ್ರಿ ಯಪ್ಪಾ, ರೊಟ್ಟಿ ಉಣ್ಣ ಬರ್ರಿ." ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಎಣ್ಣಿಗಾಯಿ, ಮಡಿಕಿಕಾಳಿನ ಪಲ್ಯ, ಗುರೆಳ್ಳು ಹಿಂಡಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ, ಪುಟ್ಟ ಗಡಿಗೆಯಲ್ಲಿ ಹೆಪ್ಪು ಹಾಕಿದ ಮೊಸರು. ಗಡಿಗೆ ಬೋರಲು ಹಾಕಿದರೂ ಮೊಸರು ಬೀಳುತ್ತಿರಲಿಲ್ಲ. ಕುಂದಾಪುರದವ ಕೆಂಪು ಖಾರವನ್ನು ಉಪ್ಪಿನಕಾಯಿ ಎಂದೇ ತಿಳಿದು ಒಂದು ಬೆರಳು ನೆಕ್ಕಿದ. ಅವನ ಕಣ್ಣು ನೋಡಿ ಆ ಅವ್ವ ಇನ್ನೊಂದು ಗಡಿಗೆ ಮೊಸರು ಮುಂದಿಟ್ಟು, "ಇದಕ್ಕ ರೊಕ್ಕಾ ಬ್ಯಾಡ, ಮೊದ್ಲ ಉಸಿರ್ ತಗೋ ತಮ್ಮಾ" ಎಂದಳು.

ಆಮೇಲೆ ಚೌಕಟ್ಟಿನ ಬೇಟೆ. ಬನಶಂಕರಿ ಜಾತ್ರೆಗೆ ಕಟ್ಟಿಗೆಯ ವ್ಯಾಪಾರದ್ದೇ ಒಂದು ದೊಡ್ಡ ಹೆಸರು. ಬಾಗಿಲು, ಕಿಟಕಿ, ಚೌಕಟ್ಟುಗಳ ಓಣಿಯೇ ಬೇರೆ. ಮೇಲ್ಪಟ್ಟಿಯಲ್ಲಿ ಗಜಲಕ್ಷ್ಮಿ, ಪಕ್ಕದಲ್ಲಿ ಗಿಳಿ, ಬಳ್ಳಿ. ಅಷ್ಟು ಬಾಗಿಲುಗಳಿದ್ದರೂ ಒಂದಕ್ಕೂ ಗೋಡೆಯಿಲ್ಲ. ನಾವು ಒಂದು ಚೌಕಟ್ಟಿನೊಳಗೆ ಹೊಕ್ಕು ಇನ್ನೊಂದರಿಂದ ಹೊರಬೀಳುತ್ತ ಆಟವಾಡುತ್ತಿದ್ದರೆ ಗದಗಿನವ ಒಬ್ಬ ಮುದಿ ಬಡಿಗೇರನೆದುರು ಕೂತುಬಿಟ್ಟಿದ್ದ.

"ಮನಿ ಮಾರಿ ಯಾ ಕಡೆ ಐತಿ?"

"ಮೂಡಕ್ಕರಿ."

"ಹೊಸ್ತಿಲಾ ಬೇವಿಂದ ಬೇಕೋ, ಸಾಗವಾನಿದೋ?"

ಇದನ್ನು ಅಪ್ಪ ಹೇಳಿಕೊಟ್ಟಿರಲಿಲ್ಲ. ಅವನು ನಮ್ಮ ಮುಖ ನೋಡಿದ, ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಡಿಗೇರ ದಾರ ಇಸಿದುಕೊಂಡು ಅಳೆದ, ಆಯ ಲೆಕ್ಕ ಹಾಕಿದ, ಒಂದು ಚೌಕಟ್ಟನ್ನು ಬೇಡವೆಂದು ತಾನೇ ಪಕ್ಕಕ್ಕೆ ಸರಿಸಿದ, ಬೇರೊಂದನ್ನು ತೋರಿಸಿ ಗೆಣ್ಣಿನಿಂದ ಬಡಿದು ಸದ್ದು ಕೇಳಿಸಿದ. ಬಲಿತ ಮರಕ್ಕೂ ಎಳೆಯ ಮರಕ್ಕೂ ಸದ್ದಿನಲ್ಲಿ ಏನು ವ್ಯತ್ಯಾಸ, ಒಣಗದ ಕಟ್ಟಿಗೆ ಬೇಸಿಗೆಯಲ್ಲಿ ಹೇಗೆ ತಿರುಚುತ್ತದೆ, ಗಂಟು ಇರುವ ಕಡೆ ಅಗಳಿ ಏಕೆ ಹಾಕಬಾರದು ಎಂದೆಲ್ಲ ಹೇಳಿದ. ನಾಲ್ವರೂ ನೆಲಕ್ಕೆ ಕೂತು ಕೇಳಿದೆವು. ವ್ಯಾಪಾರಕ್ಕೆ ಬಂದ ಗಿರಾಕಿ ಅಲ್ಲದಿದ್ದರೆ ಇದರಲ್ಲಿ ಒಂದು ಮಾತನ್ನೂ ಅವನು ಹೇಳುತ್ತಿರಲಿಲ್ಲ. ಚೌಕಾಸಿ ಮುಗಿದ ಮೇಲೆ ಚೌಕಟ್ಟಿಗೆ ಸುಣ್ಣದಲ್ಲಿ "ಗದಗ" ಎಂದು ಬರೆದು ಬದಿಗಿಟ್ಟ. ಅಪ್ಪನ ದುಡ್ಡಿನಲ್ಲಿ ಉಳಿದದ್ದರಲ್ಲಿ ಅವ್ವನಿಗೆಂದು ಗುಳೇದಗುಡ್ಡದ ಒಂದು ಖಣ, ಮಿಕ್ಕಿದ್ದು ನಾಟಕಕ್ಕೆ.

ಆ ನಾಟಕಗಳು! ಗುಡಗೇರಿಯ ಸಂಗಮೇಶ್ವರ ನಾಟ್ಯ ಸಂಘ, ಕಮತಗಿಯ ಹುಚ್ಚೇಶ್ವರ ನಾಟ್ಯ ಸಂಘ, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ, ಇಂಥ ಹೆಸರುಗಳು ಬಸ್‌ಸ್ಟ್ಯಾಂಡಿನ ಗೋಡೆಗಳಲ್ಲಿ ರಾರಾಜಿಸುತ್ತಿದ್ದ ಕಾಲ ಅದು. ಬನಶಂಕರಿಯಲ್ಲಿ ತಗಡಿನ ಥಿಯೇಟರುಗಳು ಸಾಲುಗಟ್ಟಿ ನಿಂತಿದ್ದವು. ಒಂದು ಕಂಪನಿಯ ನಾಯಕಿ ಅಳುತ್ತಿದ್ದರೆ ಪಕ್ಕದ ಕಂಪನಿಯ ಹಾಸ್ಯನಟನಿಗೆ ಬಿದ್ದ ಸಿಳ್ಳೆ ಇಲ್ಲಿಗೆ ಕೇಳಿಸುತ್ತಿತ್ತು. ನೆಲದ ಟಿಕೆಟ್ಟು, ಪರದೆಯ ಮೇಲೆ ಬರೆದ ಅರಮನೆ, ಕಾಲುಪೆಟಿಗೆಯ ಸ್ವರ, ಒನ್ಸ್‌ಮೋರ್. ಒಂದು ಆಟ ಮುಗಿದರೆ ಹೊರಗೆ ಬಂದು ಮಿರ್ಚಿ, ಗಿರ್ಮಿಟ್ಟು, ಚಹಾ; ಮತ್ತೆ ಇನ್ನೊಂದು ತಗಡಿನ ಕೆಳಗೆ. ಚಹಾದಂಗಡಿಯಲ್ಲಿ ಬಣ್ಣ ಅಳಿಸದೆಯೇ ಕೂತಿದ್ದ ಖಳನಾಯಕರೊಬ್ಬರು, "ಮಳಿಗಾಲದಾಗ ಮಾಡಿದ ಸಾಲ ಬನಶಂಕರ್ಯಾಗ ತೀರಬೇಕ್ರಿ. ಈ ಜಾತ್ರಿ ಕೈ ಹಿಡಿದ್ರ ವರ್ಷ ದಾಟ್ತೈತಿ" ಎಂದರು. ಅವರೂ ಕೆಲಸಕ್ಕೆ ಬಂದವರೇ.

ಮರುದಿನ ಇಳಿಹೊತ್ತಿಗೆ ತೇರು. ರೋಣ ಸೀಮೆಯ ಮಾಡಲಗೇರಿಯವರು ಹಳಿಬಂಡಿಯಲ್ಲಿ ತಂದ ಹಗ್ಗದಿಂದ ಅದನ್ನು ಎಳೆಯಬೇಕು. ಹಗ್ಗಕ್ಕೆ ನಾವೂ ಕೈ ಹಚ್ಚಿದೆವು, ಉತ್ತತ್ತಿ ಬಾಳೆಹಣ್ಣು ಎಸೆದೆವು. ಆಮೇಲೆ ಚೌಕಟ್ಟಿನ ಸವಾರಿ. ರೋಣದ ಕಡೆ ಹೊರಟಿದ್ದ ಟ್ರ್ಯಾಕ್ಟರಿನಲ್ಲಿ ಅದನ್ನು ಅಡ್ಡ ಮಲಗಿಸಿ, ಅದರ ನಡುವೆ ನಾವು ನಾಲ್ವರು ಕೂತೆವು. ರೋಣದಲ್ಲಿ ಬಸ್ಸಿನ ಮೇಲೆ ಏರಿಸಲು ಕಂಡಕ್ಟರ್ ಸುತರಾಂ ಒಪ್ಪಲಿಲ್ಲ. ಒಳಗಿದ್ದ ಹಿರಿಯರೊಬ್ಬರು ಕಿಟಕಿಯಿಂದ ತಲೆ ಹಾಕಿ, "ಬನಶಂಕರಿ ಬಾಗಲಾ ಅದು, ಪ್ರಸಾದ ಇದ್ದಂಗ. ಹತ್ತಸ್ರಿ" ಎಂದರು. ಆ ಮಾತಿಗೆ ಬಸ್ಸಿನಲ್ಲಿದ್ದವರೆಲ್ಲ ದನಿಗೂಡಿಸಿದರು, ಚೌಕಟ್ಟು ಮೇಲೇರಿತು. ಗದಗಿನಲ್ಲಿ ಅವರಪ್ಪ ದಾರ ಇಸಿದುಕೊಂಡು ಮೊದಲು ಅಳತೆ ನೋಡಿದರು, ಆಮೇಲೆ ನಮಗೆ ಊಟ ಆಯಿತೋ ಎಂದು ಕೇಳಿದರು.

ಈಗ ಆ ಮೀಟರ್‌ಗೇಜ್ ಇಲ್ಲ. ಟಾಂಗಾ ಇಲ್ಲ. ದೂರದರ್ಶನ ಬಂದ ಮೇಲೆ ಕಂಪನಿಗಳು ಒಂದೊಂದಾಗಿ ಕರಗಿದವು. ಆದರೂ ಬನದ ಹುಣ್ಣಿಮೆಗೆ ತಗಡಿನ ಥಿಯೇಟರುಗಳು ಇಂದಿಗೂ ಏಳುತ್ತವೆ, ಬಾಗಿಲುಗಳು ಇಂದಿಗೂ ಮಾರಾಟವಾಗುತ್ತವೆ. ಹಾಳಾಯಿತು ಎಂದು ಕೊರಗುವವರ ಜೊತೆ ನಾನು ಸೇರುವುದಿಲ್ಲ. ಜಾತ್ರೆ ಉಳಿದಿರುವುದು ನೋಡುವವರಿಂದಲ್ಲ. ವರ್ಷದ ಸಾಮಾನು ಕೊಳ್ಳುವವರು, ಮಾರುವವರು, ಹರಕೆ ತೀರಿಸುವವರು, ಸಾಲ ತೀರಿಸುವವರು ಅದನ್ನು ಉಳಿಸಿದ್ದಾರೆ. ಊರೂರು ಸುತ್ತಿದ ನಮಗೆ ಎಲ್ಲ ಜಾತ್ರೆಗಳೂ ಒಂದೊಂದು ತಮಾಷೆಯಾಗಿ ನೆನಪಿವೆ. ಬನಶಂಕರಿಯೊಂದು ಮಾತ್ರ ಮಾತುಮಾತಾಗಿ ನೆನಪಿದೆ. ಅಲ್ಲಿಗೆ ನಾವು ಕೆಲಸವಿಟ್ಟುಕೊಂಡು ಹೋಗಿದ್ದೆವು.

ಮುಂದಿನ ಬನದ ಹುಣ್ಣಿಮೆಗೆ ನೀವು ಆ ಕಡೆ ಹೊರಡುವುದಾದರೆ ಫೋಟೊ ತೆಗೆದು ಸಂಜೆಯೇ ಮರಳಬೇಡಿ. ಮನೆಗೆ ಬೇಕಾದ ಏನನ್ನಾದರೂ ಅಲ್ಲಿಯೇ ಕೊಳ್ಳಲು ಬಾಕಿ ಇಟ್ಟುಕೊಂಡು ಹೋಗಿ; ಬಾಗಿಲೇ ಆಗಬೇಕೆಂದಿಲ್ಲ, ಒಂದು ಖಣವಾದರೂ ಸಾಕು. ರಾತ್ರಿ ಉಳಿದು ಒಂದು ನಾಟಕದ ಟಿಕೆಟ್ಟನ್ನೂ ತೆಗೆಸಿ. ಕಂಪನಿಯವರಿಗೆ ವರ್ಷ ದಾಟಬೇಕು.