ಕಪ್ಪು ತಂತಿ

ಬಣ್ಣಗಳ ವಿಷಯದಲ್ಲಿ ನಾನು ಕಡುಬಡವ. ನಮ್ಮ ಮನೆಯಾಕೆ ಹೊಸ ಸೀರೆಯ ಸೆರಗನ್ನು ಹೆಗಲ ಮೇಲೆ ಹರಡಿಕೊಂಡು, "ಏನೂಂದ್ರೆ, ಇದು ಗಿಳಿಹಸಿರೋ ಎಲೆಹಸಿರೋ ನೋಡಿ ಹೇಳಿ" ಎಂದರೆ, ನಾನು ಪತ್ರಿಕೆಯಿಂದ ತಲೆಯೆತ್ತದೆ "ಹಸಿರು" ಎಂದುಬಿಡುತ್ತೇನೆ. ನನಗೆ ಗೊತ್ತಿರುವ ಬಣ್ಣಗಳು ಒಟ್ಟು ಐದು: ಕೆಂಪು, ಹಳದಿ, ನೀಲಿ, ಕಪ್ಪು, ಹಸಿರು. ಮೊದಲ ಮೂರು ವಿದ್ಯುತ್ತಿನ ಮೂರು ಫೇಸುಗಳು, ಕಪ್ಪು ನ್ಯೂಟ್ರಲ್, ಹಸಿರು ಭೂಮಿಗೆ ಹೋಗುವ ಅರ್ತಿನ ತಂತಿ. ಇವಿಷ್ಟರಿಂದ ನನ್ನ ಅನ್ನ ಹುಟ್ಟಿತು, ಮಕ್ಕಳ ಓದು ನಡೆಯಿತು, ಮೈಸೂರಿನಲ್ಲಿ ಒಂದು ಮನೆಯೂ ಆಯಿತು. ಆರನೆಯ ಬಣ್ಣದ ಅಗತ್ಯ ನನಗೆ ಬೀಳಲಿಲ್ಲ.

ನಾನು ವಿದ್ಯುತ್ ಮಂಡಳಿಯ ಕೆಲಸಕ್ಕೆ ಸೇರಿದ್ದು 1976ರಲ್ಲಿ. 1999ರಲ್ಲಿ ಮಂಡಳಿ ಹೋಗಿ ನಿಗಮವಾಯಿತು. 2002ರಲ್ಲಿ ನಿಗಮದ ಕೈಯಿಂದ ಹಂಚಿಕೆಯ ಕೆಲಸ ಕಂಪೆನಿಗಳ ಪಾಲಾಯಿತು. ಕುಳಿತಿದ್ದ ಕುರ್ಚಿಯಿಂದ ಏಳದೆಯೇ ನಾನು ಮೂವರು ಯಜಮಾನರಿಗೆ ಚಾಕರಿ ಮಾಡಿ 2010ರಲ್ಲಿ ನಿವೃತ್ತನಾದೆ. ಫಲಕ ಬದಲಾಯಿತು, ಮೊಹರು ಬದಲಾಯಿತು, ತಂತಿಯ ಬಣ್ಣ ಮಾತ್ರ ಬದಲಾಗಲಿಲ್ಲ. ಕಪ್ಪು ಎಂದರೆ ನ್ಯೂಟ್ರಲ್. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನಾನು ಅದನ್ನೇ ಹೇಳುತ್ತಿದ್ದೆ. ಅನರ್ಥಕ್ಕೆ ಕಾರಣವಾದದ್ದು ಅದೇ.

2023ರ ಜೂನ್ ತಿಂಗಳಲ್ಲಿ ನಾವಿಬ್ಬರೂ ಅಮೆರಿಕದ ಮಿಶಿಗನ್ ರಾಜ್ಯದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಅವನು ಹಿಂದಿನ ವರ್ಷ ಒಂದು ಹಳೆಯ ಟ್ರೇಲರ್ ಕೊಂಡಿದ್ದ. ಒಂದು ಚಿಕ್ಕ ಮನೆಗೆ ಚಕ್ರ ಕಟ್ಟಿ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಏರ್ಪಾಡು ಎನ್ನಿ. ಅಲ್ಲಿಯವರು ಇಂಥ ಬಂಡಿಗಳಿಗೆಲ್ಲ ಒಟ್ಟಾಗಿ 'ಆರ್.ವಿ.' ಎನ್ನುತ್ತಾರೆ. ಒಳಗೆ ಮಂಚ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲವೂ ಉಂಟು. ಕಾಡಿನಲ್ಲೋ ಸರೋವರದ ದಡದಲ್ಲೋ ಸರ್ಕಾರದ ಉದ್ಯಾನಗಳಿರುತ್ತವೆ; ಅಲ್ಲಿ ಬಾಡಿಗೆ ಕೊಟ್ಟು ಬಂಡಿ ನಿಲ್ಲಿಸಿದರೆ, ಪಕ್ಕದಲ್ಲೇ ಸೊಂಟದೆತ್ತರದ ಕಂಬವೊಂದರಲ್ಲಿ ಕರೆಂಟು ಸಿಗುತ್ತದೆ. ಬಂಡಿಯ ಹೊಟ್ಟೆಯಿಂದ ಒಂದು ದಪ್ಪ ಕೇಬಲನ್ನು ಎಳೆದು ಆ ಕಂಬಕ್ಕೆ ಸಿಕ್ಕಿಸಿದರೆ ಸಂಸಾರ ಆರಂಭ. 120 ವೋಲ್ಟು, 30 ಆಂಪಿಯರು. ಗುಣಿಸಿದರೆ 3600 ವಾಟು. ತಣ್ಣಗಿರುವ ಯಂತ್ರವೊಂದೇ ಅದರಲ್ಲಿ ಹತ್ತಿರ ಹತ್ತಿರ ಅರ್ಧವನ್ನು ನುಂಗುತ್ತದೆ. ಆದ್ದರಿಂದ ಅದು ಓಡುವಾಗ ಕಾಫಿಯ ನೀರನ್ನೂ ರೊಟ್ಟಿ ಸುಡುವ ಯಂತ್ರವನ್ನೂ ಒಟ್ಟಿಗೆ ಇಟ್ಟರೆ ಮನೆಯೆಲ್ಲ ಕತ್ತಲು. ನಮ್ಮ ಬೇಸಿಗೆಯ ಲೋಡ್‌ಶೆಡ್ಡಿಂಗಿನ ನೆನಪಾಗಿ ನನಗೆ ಅಲ್ಲಿಯೂ ತವರಿನಲ್ಲಿರುವಂತೆಯೇ ಅನ್ನಿಸಿತು.

ಈ ಕೇಬಲಿನದೇ ರಾಮಾಯಣ. ಉದ್ದ ಸುಮಾರು 25 ಅಡಿ, ಹೆಬ್ಬೆರಳಿನ ದಪ್ಪ. ಅದರ ಒಂದು ತುದಿ ಬಂಡಿಯೊಳಗೆ ಶಾಶ್ವತವಾಗಿ ಬೆಸೆದುಕೊಂಡಿತ್ತು. ಹೊರಡುವಾಗ ಅದನ್ನು ಸಣ್ಣದೊಂದು ಕಿಂಡಿಯ ಮೂಲಕ ಗೇಣು ಗೇಣಾಗಿ ಒಳಗೆ ತುರುಕಬೇಕು. ಮಳೆಯಲ್ಲಿ ಕೆಸರು ಮೆತ್ತಿಕೊಂಡರೆ ಕೆಸರಿನ ಸಮೇತ ತುರುಕಬೇಕು. ಚಳಿಯಲ್ಲಂತೂ ಸೆಟೆದುಕೊಂಡು ಕೋಲಿನಂತಾಗುತ್ತದೆಯಂತೆ. ಸಾಲದ್ದಕ್ಕೆ ಆ ಕಿಂಡಿಯ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಹಿಂದಿನ ಚಳಿಗಾಲದಲ್ಲಿ ಇಲಿಯೊಂದು ಆ ದಾರಿಯಿಂದ ಒಳಹೊಕ್ಕು, ಹಾಸಿಗೆಯ ಹತ್ತಿಯಲ್ಲಿ ಬಾಣಂತನ ಮುಗಿಸಿಕೊಂಡು ಹೋಗಿತ್ತು.

"ಅಪ್ಪ, ಈ ಕೇಬಲನ್ನು ಕತ್ತರಿಸಿ ಕಳಚುವ ಹಾಗೆ ಮಾಡಿಬಿಡೋಣ" ಎಂದ ಮಗ. ಬಂಡಿಯ ಗೋಡೆಯಲ್ಲಿ ಒಂದು ಇನ್ಲೆಟ್ ಕೂರಿಸುವುದು. ಕೇಬಲಿನ ತುದಿಗೆ ಅದಕ್ಕೆ ಒಪ್ಪುವ ಕನೆಕ್ಟರ್ ಹಾಕುವುದು. ಬೇಕಾದಾಗ ತಿರುಗಿಸಿ ಬಿಗಿಯುವುದು, ಬೇಡವಾದಾಗ ಕಳಚಿ, ಒರೆಸಿ, ಸುತ್ತಿಡುವುದು. ಕೇಬಲು ಸುಟ್ಟರೂ ಬಂಡಿಯನ್ನು ಬಿಚ್ಚದೆ ಹೊಸದು ತರಬಹುದು.

ನಾನು ಸುಲಭವಾಗಿ ಒಪ್ಪಲಿಲ್ಲ. "ಜೋಡಣೆ ಹೆಚ್ಚಿದಷ್ಟೂ ತೊಂದರೆ ಹೆಚ್ಚು ಕಣಪ್ಪ. ಹಿಡಿತ ಸಡಿಲವಾದ ಕಡೆಯೆಲ್ಲ ಬಿಸಿ ಹುಟ್ಟುತ್ತೆ. 30 ಆಂಪಿಯರ್ ಅಂದರೆ ಆಟವಲ್ಲ. ಅಲ್ಲದೆ, ಕಳಚೋ ಹಾಗೆ ಮಾಡಿದರೆ ಮನೆಯಲ್ಲೇ ಮರೆತು ಹೋಗ್ತೀಯ" ಎಂದೆ. ಇದು ಸುಳ್ಳಲ್ಲ. ಒಂದೇ ಅಖಂಡ ಕೇಬಲಿಗೆ ಅದರದೇ ಆದ ಗುಣವುಂಟು. ಆದರೆ ತಿರುಗಿಸಿ ಬಿಗಿಯುವ ಕೊಂಡಿ, ಮೇಲೊಂದು ಬಿಗಿಯುಂಗುರ, ನೀರು ಹೋಗದ ರಬ್ಬರು, ಇವನ್ನೆಲ್ಲ ಅವನು ತೋರಿಸಿದ ಮೇಲೆ ನಾನು ಸೋತೆ. ನಿಜ ಹೇಳಬೇಕೆಂದರೆ ಸೋಲಲು ನನಗೂ ಆಸೆಯಿತ್ತು. ಹದಿಮೂರು ವರ್ಷಗಳಿಂದ ಕೈಗೆ ಕೆಲಸವಿರಲಿಲ್ಲ. ಆ ದೇಶದಲ್ಲಿ ರಸ್ತೆ ದಾಟಲು, ಅಂಗಡಿಯಲ್ಲಿ ಹಣ ಕೊಡಲು, ಕೊಳಾಯಿ ತಿರುಗಿಸಲು ಎಲ್ಲಕ್ಕೂ ಮೊಮ್ಮಗಳು ನನ್ನ ಕೈಹಿಡಿದು ನಡೆಸುತ್ತಿದ್ದಳು. ಇದೊಂದರಲ್ಲಾದರೂ ನಾನು ಯಾರ ಕೈಯನ್ನೂ ಹಿಡಿಯಬೇಕಾಗಿರಲಿಲ್ಲ.

ಶನಿವಾರ ಬೆಳಗ್ಗೆ ಕೆಲಸ ಹಿಡಿದೆವು. ಕೇಬಲು ಎಲ್ಲಿಗೂ ಸಿಕ್ಕಿಲ್ಲವೆಂದು ಮೊದಲು ನೋಡಿಕೊಂಡೆವು. ಮಗ ಹಳೆಯ ಕಿಂಡಿಯನ್ನು ಕಿತ್ತು, ಆ ರಂಧ್ರವನ್ನೇ ಇನ್ಲೆಟ್ಟಿನ ಅಳತೆಗೆ ಕೊರೆದ. ಕೇಬಲನ್ನು ಕತ್ತರಿಸುವ ಕ್ಷಣದಲ್ಲಿ ಮಾತ್ರ ಇಬ್ಬರೂ ಒಂದು ಗಳಿಗೆ ತಡೆದೆವು. ಗಟ್ಟಿಮುಟ್ಟಾದ ವಸ್ತುವನ್ನು ತುಂಡರಿಸಲು ಮಧ್ಯಮ ವರ್ಗದವರ ಕೈ ಬೇಗ ಏಳುವುದಿಲ್ಲ. ಹೊರಗೆ ಉಳಿದ ಉದ್ದನೆಯ ಕೇಬಲಿಗೆ ಮಗ ಕನೆಕ್ಟರನ್ನು ಜೋಡಿಸಿದ. ಒಳಗೆ ಉಳಿದ ಮೋಟು ತುದಿಯನ್ನು ಇನ್ಲೆಟ್ಟಿಗೆ ಸೇರಿಸುವುದು ನನ್ನ ಪಾಲಿಗೆ ಬಂತು.

ಮಗ ಪೆಟ್ಟಿಗೆಯಲ್ಲಿದ್ದ ಕಾಗದ ಓದಿದ: "ಬೆಳ್ಳಿ ಬಣ್ಣದ ಸ್ಕ್ರೂ ನ್ಯೂಟ್ರಲ್, ಹಿತ್ತಾಳೆ ಬಣ್ಣದ್ದು ಲೈವ್, ಹಸಿರು ಅರ್ತ್. ತಂತಿ ಯಾವುದು ಅಂದರೆ..."

"ನ್ಯೂಟ್ರಲ್ ತಂತಿ ಯಾವುದು ಅಂತ ನನಗೆ ಹೇಳಿಕೊಡ್ತೀಯೇನೋ?" ಎಂದೆ.

ಅವನು ನಕ್ಕು ಕಾಗದ ಮಡಿಸಿಟ್ಟ. ಅಷ್ಟರಲ್ಲಿ ಫೋನು ಬಂದು ಒಳಗೆ ಹೋದ.

ಕೇಬಲನ್ನು ಸುಲಿದೆ. ಕಪ್ಪು, ಬಿಳಿ, ಹಸಿರು. ಕೆಂಪು ಇರಲಿಲ್ಲ. ಶ್ರೀಮಂತ ದೇಶ, ಕೆಂಪು ಬಣ್ಣಕ್ಕೂ ಕೈ ಬಿಗಿ ಹಿಡಿಯುತ್ತಾರಲ್ಲ ಎಂದುಕೊಂಡೆ. ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಉಳಿದ ಬಿಳಿ ಲೈವ್ ಅಲ್ಲದೆ ಮತ್ತೇನು? ಕಪ್ಪನ್ನು ಬೆಳ್ಳಿಗೆ, ಬಿಳಿಯನ್ನು ಹಿತ್ತಾಳೆಗೆ, ಹಸಿರನ್ನು ಹಸಿರಿಗೆ ಕಟ್ಟಿದೆ. ಒಂದು ಎಳೆಯೂ ಹೊರಗೆ ಉಳಿಯದಂತೆ, ಎಳೆದರೆ ಅಲ್ಲಾಡದಂತೆ ಬಿಗಿದೆ. ನನ್ನ ಕೈ ಇನ್ನೂ ನಡುಗುವುದಿಲ್ಲವೆಂದು ನನಗೇ ಹೆಮ್ಮೆಯಾಯಿತು. ಮಗ ಬಂದು ಗೋಡೆಗೂ ಇನ್ಲೆಟ್ಟಿಗೂ ನಡುವೆ ನೀರು ಸೋರದ ಅಂಟುಪಟ್ಟಿ ಇಟ್ಟು ನಾಲ್ಕು ಸ್ಕ್ರೂ ಬಿಗಿದ. ನಾನು ಕಟ್ಟಿದ್ದನ್ನು ಅವನು ತಿರುಗಿ ನೋಡಲಿಲ್ಲ. ಅಪ್ಪನ ಕೆಲಸವನ್ನು ಪರೀಕ್ಷಿಸುವುದು ಅಗೌರವವೆಂದು ಅವನ ಎಣಿಕೆ. ಹಾಗೆ ಬೆಳೆಸಿದವನೂ ನಾನೇ.

ಮನೆಯ ಗೋಡೆಯ ಸಾಕೆಟ್ಟಿಗೆ ಹೊಂದಿಸುವ ಅಡಾಪ್ಟರ್ ಹಾಕಿ ಕರೆಂಟು ಕೊಟ್ಟೆವು. ಮೈಕ್ರೋವೇವಿನ ಗಡಿಯಾರ ಮಿಟುಕಿಸಿತು. ಫ್ಯಾನು ತಿರುಗಿತು. ಸೊಸೆ ಕಾಫಿ ತಂದು, "ಮಾವ, ನೀವಿದ್ದದ್ದಕ್ಕೆ ಇಷ್ಟು ಬೇಗ ಆಯ್ತು" ಎಂದಳು. ನಾನು ವಿನಯದಿಂದ ಕಾಫಿ ಕುಡಿದೆ.

ಹನ್ನೊಂದು ವರ್ಷದ ಮೊಮ್ಮಗಳ ಹತ್ತಿರ ಒಂದು ಪುಟ್ಟ ಉಪಕರಣವಿತ್ತು. ಸಾಕೆಟ್ಟಿಗೆ ಚುಚ್ಚಿದರೆ ಮೂರು ದೀಪಗಳು. ಎರಡು ಹಳದಿ ಬೆಳಗಿದರೆ ಜೋಡಣೆ ಸರಿ, ಕೆಂಪು ಬೆಳಗಿದರೆ ತಪ್ಪು. ಹೋದ ಊರಿನಲ್ಲೆಲ್ಲ ಅದನ್ನು ಮೊದಲು ಚುಚ್ಚಿ ನೋಡುವುದು ಅವಳ ಅಧಿಕಾರ. ಅವಳು ಒಳಗಿನಿಂದ ಕೂಗಿದಳು: "ತಾತ, ಕೆಂಪು ಬಂತು!"

"ನಿನ್ನ ಆಟಿಕೆ ಕೆಟ್ಟಿದೆ ಪುಟ್ಟಿ" ಎಂದೆ.

ಅವಳು ಏನೂ ಅನ್ನದೆ ಅದನ್ನು ಮನೆಯೊಳಗೆ ಒಯ್ದು ಬೇರೊಂದು ಸಾಕೆಟ್ಟಿಗೆ ಚುಚ್ಚಿದಳು. ಎರಡು ಹಳದಿ. ಮತ್ತೆ ಬಂಡಿಗೆ ತಂದಳು. ಕೆಂಪು. ಉಪಕರಣದ ಮೇಲೆ ಬರೆದಿದ್ದನ್ನು ಓದಿದಳು: ಲೈವೂ ನ್ಯೂಟ್ರಲ್ಲೂ ಅದಲುಬದಲು.

ಮಗನ ಮುಖ ನೋಡಿದೆ. ಅವನಿಗೆ ಆಗಲೇ ಅರ್ಥವಾಗಿತ್ತು. ಮೆಲ್ಲಗೆ, "ಅಪ್ಪ, ಇಲ್ಲಿ ಕಪ್ಪು ಲೈವು, ಬಿಳಿ ನ್ಯೂಟ್ರಲ್ಲು" ಎಂದ.

ಈ ತಪ್ಪಿನ ಸ್ವಭಾವವನ್ನು ಓದುಗರಿಗೆ ಸ್ವಲ್ಪ ವಿವರಿಸಬೇಕು. ಲೈವೂ ನ್ಯೂಟ್ರಲ್ಲೂ ಅದಲುಬದಲಾದರೆ ಕೆಲಸ ನಿಲ್ಲುವುದಿಲ್ಲ. ಫ್ಯಾನು ತಿರುಗುತ್ತದೆ, ಕಾಫಿ ಕಾಯುತ್ತದೆ. ಆದರೆ ಸ್ವಿಚ್ಚು ಆರಿಸಿದಾಗ ಕಡಿದುಹೋಗುವುದು ಮರಳುವ ದಾರಿ ಮಾತ್ರ. ಆರಿದೆಯೆಂದು ನಾವು ತಿಳಿದ ಉಪಕರಣದೊಳಗೆ ಕರೆಂಟು ನಿಂತೇ ಇರುತ್ತದೆ. ಆ ಲೈವ್ ಆದ ಬಿಳಿ ತಂತಿ ಎಲ್ಲಾದರೂ ಸವೆದು ಬಂಡಿಯ ಲೋಹದ ಚೌಕಟ್ಟಿಗೆ ತಾಗಿ, ಅದೇ ಹೊತ್ತಿಗೆ ಅರ್ತಿನ ತಂತಿಯೂ ಕಡಿದಿದ್ದರೆ ಇಡೀ ಬಂಡಿಯ ಮೈಯಲ್ಲಿ ವಿದ್ಯುತ್ತು. ಒದ್ದೆ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಿಂತು ಬಾಗಿಲ ಹಿಡಿಗೆ ಕೈಹಾಕುವ ಮಗುವಿಗೆ 120 ವೋಲ್ಟು ಸಾಕು. ನಮ್ಮ 230ನ್ನು ಕಂಡವನಿಗೆ ಅದು ಅರ್ಧ ಕರೆಂಟು ಎಂದು ನಾನು ಹಿಂದಿನ ದಿನವಷ್ಟೇ ಹಾಸ್ಯ ಮಾಡಿದ್ದೆ.

ನನ್ನನ್ನು ಕಾಡಿದ ಇನ್ನೊಂದು ಯೋಚನೆಯುಂಟು. ಕೇಬಲಿನ ಕನೆಕ್ಟರನ್ನೂ ನಾನೇ ಕಟ್ಟಿದ್ದರೆ ಅಲ್ಲಿಯೂ ಹೀಗೆಯೇ ತಿರುವುಮುರುವು ಮಾಡುತ್ತಿದ್ದೆ. ಎರಡು ತಪ್ಪು ಸೇರಿ ಒಂದು ಸರಿಯಾಗಿ, ಮಗುವಿನ ಉಪಕರಣ ಹಳದಿ ದೀಪ ತೋರಿಸಿಬಿಡುತ್ತಿತ್ತು. ಎಂದೋ ಒಂದು ದಿನ ಮಗ ಅಂಗಡಿಯಿಂದ ಸರಿಯಾದ ಹೊಸ ಕೇಬಲು ತಂದು ಹಾಕಿದಾಗ, ಆ ಸರಿಯೇ ಅಪಾಯವಾಗುತ್ತಿತ್ತು. ನಾನು ಆಗ ಸಾವಿರಾರು ಮೈಲಿ ಆಚೆ ಪತ್ರಿಕೆ ಓದುತ್ತಿರುತ್ತಿದ್ದೆ.

ಮಗ ಸಮಾಧಾನ ಹೇಳಿದ. ಇಲ್ಲಿನ ಕಸಬುದಾರರೂ ಎಡವುತ್ತಾರಂತೆ: ಆರ್.ವಿ.ಯ 30 ಆಂಪಿಯರಿನ ಸಾಕೆಟ್ಟು ಬಟ್ಟೆ ಒಣಗಿಸುವ ಯಂತ್ರದ ಸಾಕೆಟ್ಟನ್ನು ಹೋಲುತ್ತದೆ. ಅಭ್ಯಾಸಬಲದಿಂದ ಅದಕ್ಕೆ 240 ವೋಲ್ಟು ಕೊಟ್ಟು ಬಂಡಿಯೊಳಗಿನದನ್ನೆಲ್ಲ ಸುಡುವುದುಂಟು. ಅವನ ಮಾತಿನಿಂದ ನನ್ನ ತಪ್ಪು ಚಿಕ್ಕದಾಗಲಿಲ್ಲ. ಆದರೆ ಅದು ಯಾವ ಜಾತಿಯ ತಪ್ಪೆಂದು ತಿಳಿಯಿತು. ಗೊತ್ತಿಲ್ಲದವನು ಇದನ್ನು ಮಾಡುವುದಿಲ್ಲ. ಅವನು ಕಾಗದ ಓದುತ್ತಾನೆ. ಗೊತ್ತಿದ್ದವನೇ ಮಾಡಬೇಕು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ವಯಸ್ಸಾದ ಲೈನ್‌ಮನ್ ಒಬ್ಬರಿದ್ದರು. "ತಂತಿ ಸತ್ತಿದೆ ಅಂತ ಯಾರೇ ಹೇಳ್ಲಿ, ನಂಬಬ್ಯಾಡಿ ಸ್ವಾಮಿ. ನೀವೇ ಹೇಳ್ಕಂಡ್ರೂ ನಂಬಬ್ಯಾಡಿ. ನೋಡಿ, ಆಮ್ಯಾಕೆ ಮುಟ್ಟಿ" ಎನ್ನುತ್ತಿದ್ದರು. ಮೊದಲ ಅರ್ಧವನ್ನು ನಾನು ಮೂವತ್ತನಾಲ್ಕು ವರ್ಷ ಪಾಲಿಸಿದೆ. ಎರಡನೆಯ ಅರ್ಧದ ಅರ್ಥ ಆ ಶನಿವಾರ ಆಯಿತು. ಕಲಿತ ವಿದ್ಯೆ ನನ್ನೊಳಗೆ ಆ ಹಳೆಯ ಕೇಬಲಿನಂತೆ ಬೆಸೆದುಕೊಂಡಿತ್ತು. ಬೇರೆ ನೆಲಕ್ಕೆ ಬಂದಾಗ ಅದನ್ನು ಕಳಚಿ, ಒರೆಸಿ, ನೋಡಿ ಹಾಕಿಕೊಳ್ಳಬೇಕೆಂಬುದು ತೋಚಿರಲಿಲ್ಲ. ಜೇಬಿನಲ್ಲಿ ಟೆಸ್ಟರ್ ಇದ್ದೇ ಇತ್ತು. ಮನೆಯಿಂದ ಹೊರಡುವಾಗ ಅಭ್ಯಾಸಬಲದಿಂದ ಇಟ್ಟುಕೊಂಡದ್ದು. ಅದನ್ನು ಹೊರಗೆ ತೆಗೆಯುವ ಅಗತ್ಯವೇ ನನಗೆ ಕಂಡಿರಲಿಲ್ಲ.

ಕರೆಂಟು ತೆಗೆದು, ನಾಲ್ಕು ಸ್ಕ್ರೂ ಬಿಚ್ಚಿ, ಅಂಟುಪಟ್ಟಿ ಕಿತ್ತು, ಮತ್ತೆ ಕಟ್ಟಿದೆವು. ಈ ಸಲ ಮೊಮ್ಮಗಳು ಕಾಗದ ಓದಿದಳು, ನಾನು ಅವಳು ಹೇಳಿದ ಹಾಗೆ ಕಟ್ಟಿದೆ, ಮಗ ಪ್ರತಿ ಸ್ಕ್ರೂವನ್ನೂ ಎಳೆದು ನೋಡಿದ. ಅಗೌರವವೆಂದು ಯಾರಿಗೂ ಅನ್ನಿಸಲಿಲ್ಲ. ದೀಪ ಎರಡು ಹಳದಿ. ಆದರೂ ಆ ಉಪಕರಣವೇ ಕೊನೆಯ ಮಾತಲ್ಲ. ನ್ಯೂಟ್ರಲ್ಲೂ ಅರ್ತೂ ಅದಲುಬದಲಾದರೆ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಮಗನ ಮೀಟರಿನಿಂದ ಒಂದೊಂದು ತಂತಿಯನ್ನೂ ತುದಿಯಿಂದ ತುದಿಗೆ ಅಳೆದ ಮೇಲೆಯೇ ನನಗೆ ನೆಮ್ಮದಿಯಾದದ್ದು.

ಮರುವಾರ ಮಿಶಿಗನ್ ಸರೋವರದ ದಡದ ಲಡಿಂಗ್ಟನ್ನಿಗೆ ಹೋದೆವು. ಮರಳುದಿಬ್ಬಗಳ ಊರು. ರಾತ್ರಿ ಮಳೆ ಬಂತು. ಬೆಳಗ್ಗೆ ಎದ್ದಾಗ ಮೊಮ್ಮಗಳು ಒದ್ದೆ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ಓಡಿಬಂದು, ಬಾಗಿಲ ಕಬ್ಬಿಣದ ಹಿಡಿಯನ್ನು ಹಿಡಿದು ಒಳಗೆ ಹಾರಿದಳು. ನಾನು ಕಾಫಿಯ ಲೋಟವನ್ನು ಕೆಳಗಿಟ್ಟೆ. ಅವಳಿಗೆ ಏನೂ ಆಗಲಿಲ್ಲ. ಏನೂ ಆಗಬೇಕಾಗಿಯೂ ಇರಲಿಲ್ಲ. ಹೊರಡುವಾಗ ಕೇಬಲನ್ನು ಕಳಚಿ, ಕೆಸರು ಒರೆಸಿ, ಸುತ್ತಿ ಇಡುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡೆ.

ಊರಿಗೆ ಮರಳುವಾಗ ಅವಳು ಆ ಮೂರು ದೀಪದ ಉಪಕರಣವನ್ನು ನನ್ನ ಕೈಗಿತ್ತಳು. ನಮ್ಮ ಸಾಕೆಟ್ಟಿಗೆ ಅದು ಹೊಂದುವುದಿಲ್ಲ. ಹೊಂದಿಸಿದರೂ ನಮ್ಮ 230 ವೋಲ್ಟಿಗೆ ಅದು ಮಾಡಿದ್ದಲ್ಲ. ಸುಮ್ಮನೆ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಮೊನ್ನೆ ನಮ್ಮ ಮನೆಯಾಕೆ ಹೊಸ ಸೀರೆ ಹರಡಿಕೊಂಡು ಬಂದು, "ಇದು ಯಾವ ಬಣ್ಣ, ಹೇಳಿ ನೋಡೋಣ" ಎಂದಳು. ನಾನು ಪತ್ರಿಕೆ ಮಡಿಸಿಟ್ಟು, "ಕಿಟಕಿಯ ಹತ್ತಿರ ಬಾ, ಬೆಳಕಿನಲ್ಲಿ ನೋಡಿ ಹೇಳ್ತೀನಿ" ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು.