ಮೊಮ್ಮಕ್ಕಳೊಡನೆ ನೋಡಿದ ಒಂದು ಚಿತ್ರ

ಬೇಸಿಗೆಯ ಸೂಟಿಗೆ ಮೊಮ್ಮಕ್ಕಳು ಬೆಂಗಳೂರಿನಿಂದ ಅಣ್ಣಿಗೇರಿಗೆ ಬಂದರೆಂದರೆ ನಮ್ಮ ಮನೆಯ ಪಡಸಾಲೆಯ ರೂಪವೇ ಬೇರೆಯಾಗುತ್ತದೆ. ಹೊರಗೆ ಎರೆನೆಲ ಬಿರುಕು ಬಿಟ್ಟು ಬಾಯ್ದೆರೆದಿರುತ್ತದೆ. ಹನ್ನೆರಡು ಹೊಡೆದ ಮೇಲೆ ಓಣಿಯಲ್ಲಿ ಒಂದು ನಾಯಿಯೂ ಸುಳಿಯುವುದಿಲ್ಲ. ಮುಂಜಾನೆಯ ತಂಪಿನಲ್ಲಿಯೇ ಅಮೃತೇಶ್ವರನ ಗುಡಿಯ ಕಂಬಗಳ ನಡುವೆ ಆಡಿ ಬಂದ ಮಕ್ಕಳು, ಮಧ್ಯಾಹ್ನದ ಊಟವಾದೊಡನೆ ಟಿ.ವಿ.ಯ ಮುಂದೆ ಜಮಖಾನೆ ಹಾಸಿಕೊಂಡು, ತಮಗೆ ಪ್ರಿಯವಾದ ಅದೇ ಚಿತ್ರವನ್ನು ಮತ್ತೆ ಹಚ್ಚುತ್ತಾರೆ. ಕಳೆದೆರಡು ಸೂಟಿಗಳಲ್ಲಿ ನಾನೂ ಅದನ್ನು ನಾಲ್ಕೈದು ಸಲ ನೋಡಿರಬೇಕು.

ಚಿತ್ರದ ಹೆಸರು ‘ದಿ ಇನ್‌ಕ್ರೆಡಿಬಲ್ಸ್’. ಅಮೇರಿಕೆಯ ಪಿಕ್ಸಾರ್ ಸಂಸ್ಥೆ ನಿರ್ಮಿಸಿ, ಬ್ರ್ಯಾಡ್ ಬರ್ಡ್ ಎಂಬವರು ಕಥೆ ಬರೆದು ನಿರ್ದೇಶಿಸಿದ ಈ ಕಾರ್ಟೂನ್ ಚಿತ್ರವು 2004ರಲ್ಲಿ ತೆರೆಕಂಡಿತು. ‘ಹಮ್ ಹೈಂ ಲಾಜವಾಬ್’ ಎಂದು ಹಿಂದಿಗೆ ಬಂದಾಗ ತಂದೆಯ ಪಾತ್ರಕ್ಕೆ ಶಾರುಖ್ ಖಾನರೂ ಮಗನ ಪಾತ್ರಕ್ಕೆ ಅವರ ಮಗ ಆರ್ಯನನೂ ಧ್ವನಿ ಕೊಟ್ಟಿದ್ದರು. ನಾವು ನೋಡುವುದು ಹಿಂದಿಯಲ್ಲಿಯೇ. ತಿಳಿಯದ ಮಾತನ್ನು ಮೊಮ್ಮಗ ತಿಳಿಸಿ ಹೇಳುತ್ತಾನೆ.

ಇಂಥ ಪತ್ರಿಕೆಯಲ್ಲಿ ಕಾರ್ಟೂನ್ ಚಿತ್ರದ ಮಾತೇ ಎಂದು ಹಿರಿಯ ವಾಚಕರು ಹುಬ್ಬೇರಿಸಬಹುದು. ಆದರೆ ನಾವೆಲ್ಲ ಎಳೆಯರಿದ್ದಾಗ ಬಿಳಿಯ ಪರದೆಯ ಹಿಂದೆ ದೀಪ ಹಚ್ಚಿ, ತೊಗಲುಗೊಂಬೆಯ ಹನುಮಂತನನ್ನು ಸಮುದ್ರ ದಾಟಿಸಿದವರನ್ನು ಬೆಳಗಿನ ಜಾವದವರೆಗೆ ಕಣ್ಣೆವೆಯಿಕ್ಕದೆ ನೋಡಿದವರಲ್ಲವೆ? ಬಣ್ಣದ ಬೊಂಬೆಗೆ ಜೀವ ಬರುವುದು ನಮಗೆ ಹೊಸದಲ್ಲ.

ಕಥೆಯು ಹೀಗಿದೆ. ಬಾಬ್ ಎಂಬಾತನು ಅಪಾರ ಬಲಶಾಲಿ. ಒಂದು ಕಾಲಕ್ಕೆ ರೈಲನ್ನೇ ತಡೆದು ನಿಲ್ಲಿಸಿದವನು. ಇಂಥ ಶಕ್ತಿವಂತರ ಮೇಲೆ ಜನರು ನ್ಯಾಯಾಲಯಗಳಲ್ಲಿ ದಾವೆ ಹೂಡಲು, ಸರಕಾರವು ಅವರೆಲ್ಲರೂ ಶಕ್ತಿಯನ್ನು ಅಡಗಿಸಿಕೊಂಡು ಸಾಮಾನ್ಯರಂತೆ ಬಾಳತಕ್ಕದ್ದೆಂದು ವಿಧಿಸುತ್ತದೆ. ಬಾಬನ ಹೆಂಡತಿ ಹೆಲೆನ್ ತನ್ನ ಮೈಯನ್ನು ರಬ್ಬರಿನಂತೆ ಎಷ್ಟು ದೂರಕ್ಕಾದರೂ ಚಾಚಬಲ್ಲಳು. ಹರೆಯಕ್ಕೆ ಕಾಲಿಟ್ಟ ಮಗಳು ವಯೊಲೆಟ್ ಕಣ್ಣಿಗೆ ಕಾಣದಂತೆ ಮಾಯವಾಗಬಲ್ಲಳು. ಮಗ ಡ್ಯಾಶ್ ಗಾಳಿಯಂತೆ ಓಡುವವನು. ಕೂಸಿಗೆ ಯಾವ ಶಕ್ತಿಯಿದೆಯೋ ಇನ್ನೂ ಯಾರಿಗೂ ತಿಳಿಯದು.

ಎರಡನೆಯ ಸಲ ನೋಡುವಾಗ ನನಗೆ ಹೊಳೆಯಿತು, ಇವು ನಮ್ಮ ಮನೆಗಳಲ್ಲಿಯೂ ಇರುವವೇ. ಒಂದು ಕೈ ಒಲೆಯ ಮೇಲೆ, ಒಂದು ಕೈ ತೊಟ್ಟಿಲ ಮೇಲೆ, ಬಾಗಿಲಿಗೆ ಬಂದ ಜಂಗಮರಿಗೆ ಭಿಕ್ಷೆ ನೀಡಲು ಇನ್ನೊಂದು ಕೈ ಬೇಕೆನ್ನುವ ತಾಯಿಯು ಮೈ ಚಾಚದೆ ಏನು ಮಾಡಿಯಾಳು? ಬೀಗರು ಬಂದರೆಂದರೆ ಒಳಗಿನ ಕೋಣೆ ಸೇರಿ ಮಾಯವಾಗುವ ಹದಿನಾಲ್ಕರ ಹುಡುಗಿಯನ್ನು ನಾವು ಕಾಣದವರೆ? ಊಟದ ಹೊತ್ತಿಗೆ ಅಕ್ಕ-ತಮ್ಮಂದಿರು ಜಗಳಕ್ಕೆ ನಿಂತಾಗ ತಾಯಿ ಎರಡೂ ತೋಳು ಚಾಚಿ ಇಬ್ಬರನ್ನೂ ಹಿಡಿಯುವುದು, ತಂದೆಯು ಸಿಟ್ಟಿನಿಂದ ಮೇಜನ್ನೇ ಎತ್ತಿ ನಿಲ್ಲುವುದು, ಅಷ್ಟರಲ್ಲಿ ಬಾಗಿಲ ಗಂಟೆ ಬಾರಿಸಲು ಎಲ್ಲರೂ ಏನೂ ಆಗದವರಂತೆ ಕುಳಿತುಬಿಡುವುದು, ಇದನ್ನು ಕಂಡು ನಮ್ಮ ಮನೆಯವರು ಸೆರಗು ಬಾಯಿಗಿಟ್ಟು ನಕ್ಕರು. “ಇದು ನಮ್ಮನಿ ಕಥೀನ ಅದ ನೋಡ್ರಿ” ಎಂದರು.

ನನಗೆ ಮಾತ್ರ ಬೇರೊಂದು ಪ್ರಸಂಗ ನಟ್ಟಿತು. ರೈಲು ತಡೆದ ಆ ಬಾಬನು ಹೊಟ್ಟೆಪಾಡಿಗಾಗಿ ಒಂದು ವಿಮಾ ಕಂಪನಿಯಲ್ಲಿ ಗುಮಾಸ್ತನಾಗಿರುತ್ತಾನೆ. ಇಕ್ಕಟ್ಟಾದ ಮೇಜಿನ ಮುಂದೆ ಒಬ್ಬ ಮುದುಕಿ ಕುಳಿತಿದ್ದಾಳೆ. ಅವಳ ಅರ್ಜಿ ತಿರಸ್ಕೃತವಾಗಿದೆ. ಬಾಬನು ಅತ್ತಿತ್ತ ನೋಡಿ, ದನಿ ತಗ್ಗಿಸಿ, ಯಾವ ಅಂತಸ್ತಿನಲ್ಲಿ ಯಾರನ್ನು ಕಾಣಬೇಕು, ಯಾವ ಫಾರ್ಮು ತುಂಬಬೇಕು ಎಂಬುದನ್ನೆಲ್ಲ, ಹೇಳಬಾರದೆಂದು ಹೇಳುತ್ತಲೇ ಹೇಳಿಬಿಡುತ್ತಾನೆ. ಹೊರಗಿನವರಿಗೆ ಸಂಶಯ ಬಾರದಿರಲೆಂದು ಅತ್ತಂತೆ ನಟಿಸಲು ಅವಳಿಗೇ ಸೂಚಿಸುತ್ತಾನೆ. ಮಕ್ಕಳು ನಗುತ್ತಾರೆ. ನಾನು ಮೊದಲ ಸಲ ನೋಡಿದಾಗ ಎದ್ದು ಹೋಗಿ ನೀರು ಕುಡಿದು ಬಂದೆ.

ನಾನು ಬೆಳೆಸಾಲ ಹಾಗೂ ಬೆಳೆವಿಮೆಯ ಅರ್ಜಿಗಳನ್ನು ಸ್ವೀಕರಿಸುವ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ಜಾರಿಗೆ ಬಂದಿತಷ್ಟೆ. ಕೊಯ್ದು ಹೊಲದಲ್ಲಿ ಒಣಗಲು ಹರವಿದ ಬೆಳೆಯು ಅಕಾಲದ ಮಳೆಗೆ ಸಿಕ್ಕು ಕೆಟ್ಟರೆ, 72 ಗಂಟೆಗಳೊಳಗೆ ತಿಳಿಸತಕ್ಕದ್ದೆಂದು ಅದರ ನಿಯಮ. ಯೋಜನೆ ಬಂದ ಒಂದೆರಡು ವರ್ಷಗಳಲ್ಲಿ, ಕಡಲೆ ಕೀಳುವ ದಿನಗಳಲ್ಲಿ ಒಂದು ರಾತ್ರಿ ಮಳೆ ಸುರಿಯಿತು. ಮರುದಿನ ಮಧ್ಯಾಹ್ನ ಒಬ್ಬ ಮುದುಕಿ ಬಂದಳು. ಪಾದಕ್ಕೆ ಎರೆ ಮೆತ್ತಿಕೊಂಡಿತ್ತು. ಸೆರಗಿನಲ್ಲಿ ಕಪ್ಪಾದ ಕಡಲೆಯ ಒಂದು ಹಿಡಿ ಗಿಡ. ಅದನ್ನೇ ಸಾಕ್ಷಿಯೆಂದು ನನ್ನ ಮೇಜಿನ ಮೇಲಿಟ್ಟಳು.

ಅವಳ ಕಾಗದಗಳಲ್ಲಿ ಒಂದರಲ್ಲಿ ಹೆಸರಿನ ಕೊನೆಗೆ ‘ಅವ್ವ’ ಎಂದಿತ್ತು, ಇನ್ನೊಂದರಲ್ಲಿ ‘ಅಮ್ಮ’ ಎಂದಿತ್ತು. “ಹೆಸರು ಸರಿ ಮಾಡಿಸ್ಕೊಂಡು ಬರ್ರಿ” ಎಂದೆ. “ಹೂನ್ರಿ ಯಪ್ಪಾ” ಎಂದು ಹೋದಳು. ಬಂದದ್ದು ಐದನೆಯ ದಿನ, ಹೆಸರು ಸರಿಯಾಗಿತ್ತು, ಅವಧಿ ಮುಗಿದಿತ್ತು.

ನಾನು ಸುಳ್ಳು ಹೇಳಲಿಲ್ಲ, ನಿಯಮ ಮೀರಲಿಲ್ಲ, ಒಂದು ರೂಪಾಯಿ ಕೇಳಲಿಲ್ಲ. ಮೂರೇ ದಿನದ ಗಡುವಿದೆ, ಇಂದೇ ಒಂದು ಸಾಲು ಬರೆದು ಕೊಟ್ಟುಹೋಗು, ಹೆಸರಿನ ವಿಷಯ ಆಮೇಲೆ ನೋಡೋಣ ಎಂಬ ಮಾತು ನಾಲಿಗೆಯ ತುದಿಯವರೆಗೂ ಬರಲಿಲ್ಲ, ಅಷ್ಟೆ. ಅದಕ್ಕೆ ರೈಲು ತಡೆಯುವ ತೋಳು ಬೇಕಿರಲಿಲ್ಲ. ಬೆಳಿಗ್ಗೆ ಇಷ್ಟಲಿಂಗಪೂಜೆ ಮುಗಿಸಿಯೇ ಕಚೇರಿಗೆ ಹೋಗುತ್ತಿದ್ದವನು ನಾನು. ಕಾಯಕದ ಮೇಲೆ ಮಠದಲ್ಲಿ ಎರಡು ಸಲ ಮಾತನಾಡಿದವನು.

ಇನ್ನು ಚಿತ್ರದ ಕಥೆಗೆ ಬರುತ್ತೇನೆ. ಮೇಲಧಿಕಾರಿಯ ಮೇಲೆ ಕೈಮಾಡಿ ಕೆಲಸ ಕಳೆದುಕೊಂಡ ಬಾಬನು ಅದನ್ನು ಹೆಂಡತಿಗೆ ತಿಳಿಸುವುದಿಲ್ಲ. ಗುಟ್ಟಾಗಿ ಒಂದು ದ್ವೀಪಕ್ಕೆ ಹೋಗಿ, ಹಳೆಯ ಪರಾಕ್ರಮವನ್ನು ಮತ್ತೆ ತೋರಿಸಿ, ಕೈತುಂಬ ಹಣ ತರುತ್ತಾನೆ. ಹೊಸ ಕಾರು ಬರುತ್ತದೆ, ಮುಖದಲ್ಲಿ ಕಳೆ ಬರುತ್ತದೆ. ಈ ಭಾಗವನ್ನು ನೋಡುವಾಗಲೆಲ್ಲ ನನಗೆ ಆಯ್ದಕ್ಕಿ ಮಾರಯ್ಯನವರ ಮನೆಯ ನೆನಪಾಗುತ್ತದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆ ಶರಣರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಕಂಡೊಡನೆ ಅರಿತರು. ಇದು ನಮಗೆ ಸಲ್ಲುವ ಅಳತೆಯಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ತಿರುಗಿ ಕಳಿಸಿದರು. ಹೆಲೆನ್ನಳಿಗೆ ಆ ಕಣ್ಣು ತುಸು ತಡವಾಗಿ ತೆರೆಯುತ್ತದೆ. ಮನೆಗೆ ಹೆಚ್ಚು ಬಂದಾಗ ಎಲ್ಲಿಂದ ಬಂತೆಂದು ಅವಳು ಕೂಡಲೇ ಕೇಳಲಿಲ್ಲ. ಕೇಳಿದಾಗ ಗಂಡನು ವೈರಿಯ ಸೆರೆಯಲ್ಲಿದ್ದ.

ಅವಳು ವಿಮಾನ ನಡೆಸಿಕೊಂಡು ಹೋಗುತ್ತಾಳೆ. ಮಕ್ಕಳಿಬ್ಬರೂ ಕದ್ದು ಹತ್ತಿರುತ್ತಾರೆ. ಕ್ಷಿಪಣಿಗಳಿಗೆ ಸಿಕ್ಕು ವಿಮಾನವು ಚೂರಾದಾಗ ತಾಯಿಯು ಆಕಾಶದಲ್ಲಿ ಮಕ್ಕಳನ್ನು ಸೆಳೆದುಕೊಂಡು ತಾನೇ ಕೊಡೆಯಾಗಿ ಅರಳುತ್ತಾಳೆ, ನೀರಿಗಿಳಿದ ಮೇಲೆ ತಾನೇ ದೋಣಿಯಾಗುತ್ತಾಳೆ. ಮಗನ ಓಡುವ ಕಾಲುಗಳು ಹಿಂದೆ ಯಂತ್ರವಾಗುತ್ತವೆ. ಆ ಚಿತ್ರದಲ್ಲಿ ಇದಕ್ಕಿಂತ ಸುಂದರವಾದದ್ದು ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ. ವೈರಿಯೊಡನೆ ನಡೆಯುವ ಕೊನೆಯ ಹೊಡೆದಾಟ ಮೊಮ್ಮಗನಿಗೆ ಇಷ್ಟ, ನನಗೆ ಉದ್ದವೆನಿಸುತ್ತದೆ. ಆದರೂ ಅದಕ್ಕೆ ಮುಂಚೆ ಬಾಬನು ಹೆಂಡತಿಯ ಎದುರು, ನಿಮ್ಮನ್ನು ಮತ್ತೊಮ್ಮೆ ಕಳೆದುಕೊಳ್ಳುವಷ್ಟು ಬಲ ನನಗಿಲ್ಲವೆಂದು ಒಪ್ಪಿಕೊಳ್ಳುವ ಮಾತಿದೆ. ಅಲ್ಲಿ ಮೊಮ್ಮಗನೂ ಸುಮ್ಮನಾಗುತ್ತಾನೆ.

2018ರಲ್ಲಿ ಬಂದ ಎರಡನೆಯ ಭಾಗದಲ್ಲಿ ಹೆಲೆನ್ ದುಡಿಯಲು ಹೊರಗೆ ಹೋಗುತ್ತಾಳೆ. ಬಾಬನು ಮನೆಯಲ್ಲಿ ಕೂಸಿಗೂ ಮಗನ ಗಣಿತಕ್ಕೂ ಸೋತು ಹೈರಾಣಾಗುತ್ತಾನೆ. ನಮ್ಮ ಮನೆಯವರಿಗೆ ಅದೇ ಹೆಚ್ಚು ಮೆಚ್ಚಿಕೆ. ಕಾರಣ ಕೇಳಲು ನಾನು ಹೋಗಿಲ್ಲ.

ಈ ಸಲದ ಸೂಟಿಯಲ್ಲಿ, ವಿಮಾ ಕಚೇರಿಯ ಪ್ರಸಂಗ ಬಂದಾಗ, ದೊಡ್ಡ ಮೊಮ್ಮಗಳು ಚಿತ್ರವನ್ನು ನಿಲ್ಲಿಸಿ ಕೇಳಿದಳು: “ಅಜ್ಜಾ, ಇಲ್ಲಿ ಬಂದಾಗೆಲ್ಲ ನೀವ್ಯಾಕ ಎದ್ದು ಹೋಗ್ತೀರಿ?” ಹೇಳಿದೆ. ಕಡಲೆಯ ಗಿಡವನ್ನೂ, ‘ಅವ್ವ’ ‘ಅಮ್ಮ’ ಎಂಬುದನ್ನೂ, ಐದನೆಯ ದಿನವನ್ನೂ ಬಿಡದೆ ಹೇಳಿದೆ. ಮನೆಯಲ್ಲಿ ಅದನ್ನು ಹೇಳಿದ್ದು ಅದೇ ಮೊದಲು. ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತಿತ್ತು.

“ಮತ್ತ ಅವರಿಗೆ ನೀವು ಯಾಕ ಹೇಳಲಿಲ್ಲ?” ಎಂದಳು ಹುಡುಗಿ.

ಉತ್ತರಕ್ಕಾಗಿ ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ಕೊನೆಗೆ ತಮ್ಮನು ಗುಂಡಿ ಒತ್ತಿದ. ಪರದೆಯ ಮೇಲಿನ ಮುದುಕಿ ಕಣ್ಣೊರೆಸಿಕೊಳ್ಳುತ್ತ, ಅಳುವಂತೆ ನಟಿಸುತ್ತ, ಬಾಗಿಲಿನತ್ತ ನಡೆದಳು.